ಶುಕ್ರವಾರ ಬೆಳಗುವ ಟ್ಯೂಬುಗಳು

ಕುಮಟಾದಿಂದ ಭಟ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಥರ್ಮೋಕೋಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವನು ಮೀನಿನವನೇ ಆಗಿರಬೇಕು. ಅದರಲ್ಲಿ ವಾದಕ್ಕೆ ಜಾಗವಿಲ್ಲ. ನನ್ನ ಕೊರಳಿನಲ್ಲಿ ಕಾಲೇಜಿನ ಗುರುತಿನ ಚೀಟಿ ತೂಗುತ್ತಿತ್ತು. ಪೆಟ್ಟಿಗೆಯ ಮೇಲೆ ‘ಪ್ರಯೋಗಾಲಯದ ಮಾದರಿ, ತೆರೆಯಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಆದರೆ ಒಳಗಿದ್ದ ಐಸು ಮೀನುಪೇಟೆಯದು. ವಾಸನೆಯ ಮುಂದೆ ಅಕ್ಷರದ ಆಟ ನಡೆಯುವುದಿಲ್ಲ.

“ಎಂತಾ ಮೀನಾ ತಮಾ?” ಎಂದು ಪಕ್ಕದ ಸೀಟಿನ ಅಮ್ಮ ಕೇಳಿದರು.

“ಮೀನಲ್ಲ ಅಮ್ಮಾ. ಬ್ಯಾಕ್ಟೀರಿಯಾ.”

“ಹೌದಾ? ಅದು ಈಗ ಸಿಗ್ತದ್ಯಾ? ಮಳೆಗಾಲದ ಮೇಲೆ ಅಲ್ವಾ?”

ಹಿಂದಿನ ಸೀಟಿನವನೊಬ್ಬ, “ದೊಡ್ಡದೆಲ್ಲಾ ಗೋವಾಕ್ಕೆ ಹೋಗ್ತದೆ, ನಮಗೆ ಚಿಲ್ಲರೆಯೇ ಗತಿ,” ಎಂದು ನಿಟ್ಟುಸಿರು ಬಿಟ್ಟ. ಅವನ ದುಃಖವನ್ನು ಹಾಳು ಮಾಡಲು ಮನಸ್ಸಾಗಲಿಲ್ಲ. ನಾನೂ ಮೀನಿನವರ ದನಿಯಲ್ಲೇ, “ಹೌದು ಮಾರಾಯಾ, ಈ ವರ್ಷ ಬ್ಯಾಕ್ಟೀರಿಯಾ ಬಲೆಗೇ ಬೀಳೂದಿಲ್ಲ,” ಎಂದೆ. ಹೊನ್ನಾವರ ಬರುವವರೆಗೂ ಮೀನುಗಾರಿಕೆಯ ಸಂಕಷ್ಟದ ಬಗ್ಗೆ ನನಗೆ ತಿಳಿಯದ್ದನ್ನೆಲ್ಲ ಮಾತಾಡಿದೆ.

ಇದು ನನ್ನ ಹಳೆಯ ರೋಗ. ಯಾರ ಮಾತು ಕೇಳಿದರೂ ಅವರ ದನಿ ನನ್ನ ಬಾಯಿಗೆ ಅಂಟಿಕೊಳ್ಳುತ್ತದೆ. ಲ್ಯಾಬಿನಲ್ಲಿ ನನಗೆ ‘ನಾಟಕ ಕಂಪನಿ’ ಎಂದೇ ಹೆಸರು. ಕಾಗದದ ಮೇಲೆ ಮಾತ್ರ ಪ್ರಾಜೆಕ್ಟ್ ಅಸಿಸ್ಟೆಂಟ್. ಆ ಬೇಸಗೆಯಲ್ಲಿ ನನ್ನ ಉನ್ನತ ಶಿಕ್ಷಣವೆಲ್ಲ ಪೆಟ್ಟಿಗೆಯನ್ನು ಅಲುಗಾಡದಂತೆ ಹಿಡಿಯುವುದಕ್ಕೆ ಬಳಕೆಯಾಗುತ್ತಿತ್ತು. ಏಕೆಂದರೆ ಪೆಟ್ಟಿಗೆಯೊಳಗೆ, ಮೂರು ಸುತ್ತು ಮುಚ್ಚಿದ ಡಬ್ಬಿಯಲ್ಲಿ, ಅಕ್ಕನ ಮೂರನೆಯ ಅಧ್ಯಾಯವಿತ್ತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನಮ್ಮ ಕುಮಟಾದ ಲ್ಯಾಬಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದವಳು. ಹೊಳನಗದ್ದೆಯಿಂದ ಸ್ಕೂಟಿಯಲ್ಲಿ ಬರುತ್ತಿದ್ದಳು. ಹೆಲ್ಮೆಟ್ ತೆಗೆಯುವ ಮೊದಲೇ ಇನ್‌ಕ್ಯುಬೇಟರಿನ ಬಾಗಿಲು ತೆಗೆದು ನೋಡುತ್ತಿದ್ದಳು. ಅವಳ ಪ್ರಬಂಧದ ಮೊದಲೆರಡು ಅಧ್ಯಾಯಗಳು ತದಡಿಯ ಅಳಿವೆಯ ನೀರಿನಲ್ಲೂ ಅಲ್ಲಿನ ಬಳಚು ಎಂಬ ಚಿಪ್ಪುಮೀನಿನಲ್ಲೂ ಯಾವ ಬ್ಯಾಕ್ಟೀರಿಯಾ ಇವೆ ಎಂಬ ವಿವರ. ‘ಇದನ್ನು ಯಾರಾದರೂ ಮಾಡಬಹುದಿತ್ತು’ ಎಂದು ಪರಿಶೀಲನಾ ಸಮಿತಿಯವರು ಮುಖದ ಮೇಲೇ ಹೇಳಿ ಹೋಗಿದ್ದರು. ಮೂರನೆಯದರಲ್ಲಿ ಮಾತ್ರ ಅವಳದೇ ಆದ ಒಂದು ಮಾತಿತ್ತು. ವಿಶ್ವವಿದ್ಯಾಲಯ ಕೊಟ್ಟ ಕೊನೆಯ ವಿಸ್ತರಣೆ ಮಳೆಗಾಲದ ಹೊತ್ತಿಗೆ ಮುಗಿಯುವುದಿತ್ತು. ಮೂರನೆಯ ಅಧ್ಯಾಯ ಗಟ್ಟಿಯಾಗಿ ನಿಂತರೆ ಅವಳು ಡಾಕ್ಟರ್, ಬಿದ್ದರೆ ಅಷ್ಟು ವರ್ಷ ಬಳಚು ತೊಳೆದದ್ದೇ ಲಾಭ.

ಆ ಮಾತು ಏನೆಂದು ಹೇಳಿಬಿಡುತ್ತೇನೆ. ಬಳಚಿನಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ಅಳಿವೆಯ ನೀರಿನಲ್ಲಿ ಸಾಧುವಾಗಿರುತ್ತದೆ. ಸರಿಯಾಗಿ ಬೇಯದ ಬಳಚಿನ ಜೊತೆ ಮನುಷ್ಯರ ಹೊಟ್ಟೆಗೆ ಹೋದರೆ ಸೊಕ್ಕಿ ನಿಲ್ಲುತ್ತದೆ. ತಾನು ನೀರಿನಲ್ಲಿದ್ದೇನೋ ಹೊಟ್ಟೆಯಲ್ಲಿದ್ದೇನೋ ಎಂದು ಅದಕ್ಕೆ ಗೊತ್ತಾಗುವುದು ಹೇಗೆ? ಹೊಟ್ಟೆಯೊಳಗೆ ಊರಿನ ಹೆಸರಿನ ಬೋರ್ಡು ಹಾಕಿರುವುದಿಲ್ಲ. ಅಲ್ಲಿ ಬಿಸಿ ಜಾಸ್ತಿ, ಅಷ್ಟೆ. ಹಾಗಾದರೆ ಬ್ಯಾಕ್ಟೀರಿಯಾದ ಬಳಿ ಥರ್ಮಾಮೀಟರ್ ಇರಬೇಕು. ಎಲ್ಲಿದೆ?

ಅಕ್ಕನ ಉತ್ತರ, ಅದರ ಆರ್‌ಎನ್‌ಎಯಲ್ಲಿ. ಜೀನ್ ಎನ್ನುವುದು ಒಳಗೆ ಭದ್ರವಾಗಿಟ್ಟ ಮೂಲಪ್ರತಿ, ಆರ್‌ಎನ್‌ಎ ಅದರ ನಕಲು ಚೀಟಿ. ಉದ್ದನೆಯ ಪಟ್ಟಿಯಂಥ ಆ ಚೀಟಿಯನ್ನು ಓದಿ ಪ್ರೋಟೀನು ಕಟ್ಟುವ ಯಂತ್ರಕ್ಕೆ ರೈಬೋಸೋಮ್ ಎಂದು ಹೆಸರು. ಓದಬೇಕಾದರೆ ಅದು ಮೊದಲು ಚೀಟಿಯ ಮುಂಭಾಗದಲ್ಲಿರುವ ಒಂದು ಸೀಟಿನಲ್ಲಿ ಕೂರಬೇಕು. ಇಲ್ಲಿ ನಮ್ಮ ಬಸ್ಸಿನವರ ಬುದ್ಧಿ ಬ್ಯಾಕ್ಟೀರಿಯಾಕ್ಕೂ ಬಂದಿದೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ ಆರ್‌ಎನ್‌ಎ ತನ್ನ ಮೇಲೆ ತಾನೇ ಮಡಚಿಕೊಂಡು, ತನ್ನದೇ ಪಟ್ಟಿಯ ಒಂದು ತುಂಡನ್ನು ಆ ಸೀಟಿನ ಮೇಲೆ ಹಾಸಿಬಿಡುತ್ತದೆ. ತಂಪಿನಲ್ಲಿ ಮಡಿಕೆ ಗಟ್ಟಿ, ರೈಬೋಸೋಮಿಗೆ ಸೀಟಿಲ್ಲ, ಪ್ರೋಟೀನೂ ಇಲ್ಲ. ಬಿಸಿ ಏರಿದಂತೆ ಮಡಿಕೆ ಬಿಚ್ಚುತ್ತದೆ, ಟವೆಲ್ ಜಾರುತ್ತದೆ, ಯಂತ್ರ ಕೂರುತ್ತದೆ. ಬೇರೆ ಕಡೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಇಂಥದ್ದು ಇದೆಯೆಂದು ಗೊತ್ತಿತ್ತು. ನಮ್ಮ ಬಳಚಿನದರಲ್ಲೂ ಇದೆ ಎನ್ನುವುದು ಅಕ್ಕನ ಮಾತು.

ನಾನು ಇದನ್ನು ಮೊದಲ ಸಲ ಕೇಳಿದಾಗ ‘ಇನ್ನೊಮ್ಮೆ ಹೇಳಕ್ಕಾ’ ಎಂದು ನನ್ನದೇ ದನಿಯಲ್ಲಿ ಕೇಳಿದೆ. ಅದು ಅಪರೂಪ. ಸುದ್ದಿ ಹೊತ್ತ ಚೀಟಿಯೇ ‘ಈಗ ಓದಿ, ಈಗ ಬೇಡ’ ಎಂದು ನಿರ್ಧರಿಸುತ್ತದೆ ಎಂದರೆ!

ಪರೀಕ್ಷಿಸುವ ಕ್ರಮ ಹೀಗಿತ್ತು. ರೋಗ ತರುವ ಮೂಲ ಬ್ಯಾಕ್ಟೀರಿಯಾವನ್ನು ನಾವು ಮುಟ್ಟಲಿಲ್ಲ. ಅದರ ಚೀಟಿಯ ಮುಂಭಾಗವನ್ನಷ್ಟೇ ತಂದು, ಹಸಿರು ಬೆಳಕು ಕೊಡುವ ಒಂದು ಪ್ರೋಟೀನಿನ ಜೀನಿಗೆ ಜೋಡಿಸಿ, ಲ್ಯಾಬಿನ ನಿರುಪದ್ರವಿ ಬ್ಯಾಕ್ಟೀರಿಯಾದೊಳಗೆ ಹಾಕಿದೆವು. ಮಡಿಕೆ ಬಿಚ್ಚಿದರೆ ಹಸಿರು ಬೆಳಕು, ಮುಚ್ಚಿದ್ದರೆ ಕತ್ತಲೆ. ಇಪ್ಪತ್ತೆಂಟು ಡಿಗ್ರಿಯಲ್ಲಿ ಬೆಳೆಸಿ ಎರಡು ಪಾಲು ಮಾಡುವುದು. ಒಂದು ಪಾಲನ್ನು ಅಲ್ಲೇ ಬಿಡುವುದು, ಇನ್ನೊಂದನ್ನು ಮೂವತ್ತೇಳು ಡಿಗ್ರಿಯ ನೀರಿನಲ್ಲಿಡುವುದು. ಆಮೇಲೆ ಎರಡನ್ನೂ ಐಸಿಗೆ ಹಾಕಿದರೆ ಒಳಗಿನ ಕೆಲಸವೆಲ್ಲ ನಿಂತಲ್ಲೇ ನಿಲ್ಲುತ್ತದೆ. ಬೆಳಕನ್ನು ಅಳೆಯುವ ಯಂತ್ರ ಇದ್ದದ್ದು ಮಾತ್ರ ಭಟ್ಕಳದ ಒಂದು ಕಾಲೇಜಿನಲ್ಲಿ. ಅದಕ್ಕೇ ಐಸು, ಅದಕ್ಕೇ ಪೆಟ್ಟಿಗೆ, ಅದಕ್ಕೇ ನಾನು.

ಯಂತ್ರದ ಉಸ್ತುವಾರಿ ಭಟ್ಕಳದ ನವಾಯತ ಸಮುದಾಯದವರೊಬ್ಬರದು, ನಾನು ಅವರನ್ನು ಭಾಯ್ ಎನ್ನುತ್ತಿದ್ದೆ. ಮನೆಯ ಮಾತು ನವಾಯತಿ, ಗೆಳೆಯರೊಡನೆ ಉರ್ದು, ಯಂತ್ರದೊಡನೆ ಇಂಗ್ಲಿಷ್, ನನ್ನೊಡನೆ ಕನ್ನಡ. ನಾಲ್ಕರಲ್ಲೂ ಅವರದು ಒಂದೇ ಗತ್ತು. ಮೊದಲ ದಿನವೇ ಕಾನೂನು ಹೇಳಿದರು.

“ಅರೆ ಭಾಯ್, ಐಸಿಂದ ತೆಗ್ದು ಸೀದಾ ಮಶೀನ್‌ಗೆ ಹಾಕ್ಬೇಡಿ. ಪ್ಲೇಟಿಗೆ ಬೆವರು ಬರ್ತದೆ, ಮಶೀನ್ ಕುರುಡಾಗ್ತದೆ. ರೂಮ್ ಟೆಂಪರೇಚರ್‌ಗೆ ಬರ್ಲಿ, ಆಮೇಲೆ.”

“ಆಯ್ತು ಭಾಯ್. ರೂಮ್ ಟೆಂಪರೇಚರ್.”

“ನನ್ನ ಹಾಗೆ ಮಾತಾಡ್ತೀರಿ ನೀವು?”

“ಇಲ್ಲ ಭಾಯ್, ನನ್ನ ಗಂಟಲೇ ಹೀಗೆ.”

ಮೊದಲ ಅಳತೆಗಳು ಬಂಗಾರದಂತೆ ಬಂದವು. ತಂಪಿನ ಟ್ಯೂಬು ಕತ್ತಲೆ, ಬಿಸಿಯ ಟ್ಯೂಬು ಹಸಿರು. ಅಕ್ಕ ಸ್ಕೂಟಿ ಸ್ಟಾರ್ಟ್ ಮಾಡುವಾಗ ಹಾಡು ಗುನುಗುತ್ತಿದ್ದಳೆಂದು ನಾನು ಊರಿಗೆಲ್ಲ ಹೇಳಿದೆ. ಅದರ ಮುಂದಿನ ಸಲ ತಂಪಿನ ಟ್ಯೂಬೂ ಬೆಳಗಿತು. ಅದರ ಮುಂದಿನದು ಮತ್ತೆ ಸರಿ. ಆಮೇಲೆ ಪುನಃ ತಂಪಿನದು ಬೆಳಗಿತು. ಹೀಗೆ ಒಮ್ಮೆ ಹೌದು, ಒಮ್ಮೆ ಅಲ್ಲ ಎನ್ನುವ ಥರ್ಮಾಮೀಟರನ್ನು ಯಾವ ಸಮಿತಿ ಒಪ್ಪುತ್ತದೆ?

ನಾವು ಎಲ್ಲವನ್ನೂ ಅನುಮಾನಿಸಿದೆವು. ಟ್ಯೂಬುಗಳ ಚೀಟಿ ಅದಲುಬದಲಾಯಿತೇ ಎಂದು ಬಣ್ಣದ ಮುಚ್ಚಳ ತಂದೆವು. ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿತೇ ಎಂದು ಹೊಸದಾಗಿ ಬೆಳೆಸಿದೆವು. ಜೋಡಿಸಿದ ಡಿಎನ್‌ಎಯನ್ನು ಓದಿಸಲು ಹೊರಗೆ ಕಳಿಸಿದೆವು, ಒಂದಕ್ಷರವೂ ಕೆಟ್ಟಿರಲಿಲ್ಲ. ಇನ್‌ಕ್ಯುಬೇಟರನ್ನು ಅನುಮಾನಿಸಿ ಅದರೊಳಗೆ ಎರಡು ಥರ್ಮಾಮೀಟರ್ ಇಟ್ಟೆವು. ಎರಡೂ ಇಪ್ಪತ್ತೆಂಟೇ ತೋರಿಸಿ ನಮ್ಮನ್ನು ನಾಚಿಸಿದವು. ಕೊನೆಗೆ ನನ್ನನ್ನೂ ಅನುಮಾನಿಸಿದರು.

“ನೀನು ಬಸ್ಸಲ್ಲಿ ಪೆಟ್ಟಿಗೆ ತೆಗೀತ್ಯಾ?” ಎಂದು ಅಕ್ಕ ಕೇಳಿದಳು.

“ಒಬ್ಬರು ಬಂಗಡೆ ಕೇಳಿದ್ರು. ಅರ್ಧ ಕೇಜಿ ತೂಗಿ ಕೊಟ್ಟೆ.”

“ತಮಾ, ನಗಿಸ್ಬೇಡ. ನಂಗೆ ಅಳು ಬರ್ತಾ ಉಂಟು.”

ನೋಡಿದರೆ ನಿಜವಾಗಿಯೂ ಬರುತ್ತಿತ್ತು. ನಾನು ಟ್ಯೂಬು ತೊಳೆಯುವ ಸಿಂಕಿನ ಕಡೆಗೆ ತಿರುಗಿದೆ.

ನಮ್ಮಿಬ್ಬರ ಮೇಲೆ ಮೇಡಂ ಇದ್ದರು. ಅಕ್ಕನ ಮಾರ್ಗದರ್ಶಕರು, ಹೊನ್ನಾವರದಿಂದ ಬರುವವರು. ಸಮಾಧಾನದಲ್ಲಿದ್ದಾಗ ಪುಸ್ತಕದ ಕನ್ನಡ, ಸಿಟ್ಟು ಬಂದಾಗ ಮಾತ್ರ ತವರುಮನೆಯ ಮಾತು. ಅಂಕಿಗಳನ್ನು ನೋಡುತ್ತ ಅವರು, “ಇದು ಎಂತದೇ ಇದು? ಯಂಗೆ ಒಂದೂ ಅರ್ಥ ಆಗ್ತಿಲ್ಲೆ,” ಎಂದರು. ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಸಂಗತಿ ‘ಇಲ್ಲೆ’ಯವರೆಗೆ ಬಂದಿದೆ ಎಂದರೆ ಗಂಭೀರವೇ.

ತಿರುವು ಬಂದದ್ದು ಒಂದು ಸಂಜೆ ಚಾದ ಹೊತ್ತಿಗೆ. ಅಕ್ಕ ಅಂಕಿಗಳ ಹಾಳೆಯನ್ನೇ ನೋಡುತ್ತ ಕೂತಿದ್ದಳು. ಅವಳನ್ನು ನಗಿಸಲೇಬೇಕೆಂದು ನಾನು ಭಟ್ಕಳದ ಪ್ರವಾಸವನ್ನು ಆಡಿ ತೋರಿಸತೊಡಗಿದೆ. ಬಸ್ಸಿನ ಅಮ್ಮನಾದೆ, ಕಂಡಕ್ಟರನಾದೆ, ಕಾಲೇಜಿನ ಗೇಟಿನವನಾದೆ. ಕೊನೆಗೆ ಭಾಯ್ ಆದೆ. ಟೋಪಿ ಸರಿಮಾಡಿಕೊಂಡು, ಬೀಗ ಹಾಕಿ, ಕೀಲಿ ಜೇಬಿಗಿಳಿಸಿ, “ಆ ಗಯೇ, ಬಂದ್ರಾ? ಜುಮಾ ನಮಾಜಿಗೆ ಹೋಗ್ತಿದ್ದೇನೆ ಭಾಯ್. ವರಾಂಡದಲ್ಲಿ ಕೂತ್ಕೊಳ್ಳಿ, ಗಾಳಿ ಚಲೋ ಉಂಟು. ಊಟ ಮುಗ್ಸಿ ಬಂದೇಬಿಟ್ಟೆ,” ಎಂದೆ. ಆಮೇಲೆ ನಾನು ನಾನೇ ಆದೆ. ಜಾಣನಂತೆ ಪೆಟ್ಟಿಗೆ ತೆರೆದು, ಭಾಯ್ ಬಂದ ಕೂಡಲೇ ತಡವಾಗಬಾರದೆಂದು ಟ್ಯೂಬುಗಳನ್ನು ವರಾಂಡದ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿ, ರೂಮ್ ಟೆಂಪರೇಚರಿಗೆ ತರುತ್ತ, ಬೆವರೊರೆಸಿಕೊಳ್ಳುತ್ತ ಕೂತೆ.

ಅಕ್ಕ ನಗಲಿಲ್ಲ. ಚಾದ ಲೋಟ ಕೆಳಗಿಟ್ಟಳು.

“ಇನ್ನೊಂದ್ಸಲ ಮಾಡು.”

“ಯಾರನ್ನು? ಭಾಯ್‌ನಾ?”

“ಅಲ್ಲ. ನಿನ್ನ. ಆ ಬೆಂಚಿಂದು.”

ನಾನು ಮತ್ತೆ ಬೆವರೊರೆಸಿಕೊಂಡೆ.

“ಮಂಗಳವಾರನೂ ಹಿಂಗೇ ಕೂತ್ಕತ್ಯಾ?”

“ಇಲ್ಲಕ್ಕಾ. ಮಂಗಳವಾರ ಭಾಯ್ ಇರ್ತಾರಲ್ಲ. ಎ.ಸಿ. ಕೋಣೆ ಒಳಗೇ. ಚಳಿಗೆ ನಾನೇ ನಡುಗ್ತೇನೆ. ಐದು ನಿಮಿಷದಲ್ಲಿ ಆತು.”

“ಮತ್ತೆ ಶುಕ್ರವಾರ?”

ಬೆವರೊರೆಸುತ್ತಿದ್ದ ಕೈಯನ್ನು ಕೆಳಗಿಳಿಸಿದೆ.

ಯಂತ್ರ ನಮಗೆ ಸಿಗುತ್ತಿದ್ದದ್ದು ಮಂಗಳವಾರ ಮತ್ತು ಶುಕ್ರವಾರ. ಅಳತೆಗಳ ಪಕ್ಕದಲ್ಲಿ ನಾವು ತಾರೀಕು ಹಾಕುತ್ತಿದ್ದೆವು, ವಾರ ಯಾರೂ ಹಾಕುತ್ತಿರಲಿಲ್ಲ. ಮೊಬೈಲಿನ ಕ್ಯಾಲೆಂಡರ್ ತೆರೆದು ಒಂದೊಂದೇ ತಾರೀಕನ್ನು ನೋಡಿದೆವು. ತಂಪಿನ ಟ್ಯೂಬು ಬೆಳಗಿದ್ದೆಲ್ಲ ಶುಕ್ರವಾರ. ‘ರೂಮ್ ಟೆಂಪರೇಚರ್’ ಎಂದರೆ ಯಾವ ರೂಮು ಎಂದು ನಾವು ಕೇಳಿರಲೇ ಇಲ್ಲ. ಮಂಗಳವಾರದ ರೂಮು ಎ.ಸಿ.ಯದು. ಶುಕ್ರವಾರದ್ದು ಏಪ್ರಿಲ್ ತಿಂಗಳ ಭಟ್ಕಳದ ವರಾಂಡ. ಐಸು ಕೆಲಸ ನಿಲ್ಲಿಸಿತ್ತು, ಕೊಂದಿರಲಿಲ್ಲ. ವರಾಂಡದ ಬಿಸಿಗೆ ಬ್ಯಾಕ್ಟೀರಿಯಾ ಎದ್ದು ಕೂತು, ಮಡಿಕೆ ಬಿಚ್ಚಿ, ಹಸಿರು ಪ್ರೋಟೀನು ಕಟ್ಟತೊಡಗಿತ್ತು. ಭಾಯ್ ಊಟ ಮುಗಿಸಿ ಬರುವಷ್ಟರಲ್ಲಿ ಅದರದ್ದೂ ಒಂದು ಪಾಳಿ ಮುಗಿದಿರುತ್ತಿತ್ತು.

“ನಮ್ಮ ಬ್ಯಾಕ್ಟೀರಿಯಾಕ್ಕೆ ಶುಕ್ರವಾರದ ಮೇಲೆ ಭಕ್ತಿ ಜಾಸ್ತಿ,” ಎಂದೆ.

ಈ ಸಲ ಅಕ್ಕ ನಕ್ಕಳು. ಎಷ್ಟು ನಕ್ಕಳೆಂದರೆ ನನಗೆ ಹೆದರಿಕೆಯಾಯಿತು.

ಮರುದಿನ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ಪುಸ್ತಕದ ಕನ್ನಡದಲ್ಲಿ, “ಹಾಗಾದರೆ ಸರಿಯಾಯಿತು. ಶುಕ್ರವಾರದ ಅಳತೆಗಳನ್ನು ಕೈಬಿಡು. ಮಂಗಳವಾರದವು ಸಾಕಷ್ಟಿವೆ. ಅಧ್ಯಾಯ ಬರೆದು ಸಮಿತಿಗೆ ಕೊಡು,” ಎಂದರು. ನ್ಯಾಯವಾದ ಮಾತೇ. ಕೆಟ್ಟದ್ದಕ್ಕೆ ಕಾರಣ ಸಿಕ್ಕಿದೆ, ಕಾರಣ ಹೇಳಿಯೇ ಬಿಡಬಹುದು, ಯಾರೂ ಮೋಸ ಎನ್ನುವುದಿಲ್ಲ. ನಾನಂತೂ ಮನಸ್ಸಿನಲ್ಲೇ ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದ್ದೆ.

ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಮೇಡಂ, ಬಿಡೂಕೆ ಆಗೂದಿಲ್ಲ,” ಎಂದಳು. “ನಾವು ಮೂವತ್ತೇಳಕ್ಕೆ ಬಿಚ್ಚಿಕೊಳ್ತದೆ ಅಂದ್ಕಂಡಿದ್ದು. ವರಾಂಡದಲ್ಲಿ ಅಷ್ಟು ಬಿಸಿ ಇಲ್ವಲ್ಲ. ಹೊಟ್ಟೆಗೆ ಹೋಗೂಕೂ ಮೊದಲೇ ಅರ್ಧ ಬಿಚ್ಚಿಕೊಳ್ತದ್ಯಾ? ಬೇಸಿಗೇಲಿ ಇಳಿತದ ಹೊತ್ತಿಗೆ ತದಡಿ ಕೆಸರ ಮೇಲಿನ ನೀರೂ ಬಿಸಿ ಆಗಿರ್ತದೆ. ಅಲ್ಲೂ ಹಿಂಗೇ ಮಾಡ್ತದ್ಯಾ? ಅದು ಗೊತ್ತಾಗ್ಬೇಕಲ್ಲ.”

“ಅಥವಾ ಅದು ಥರ್ಮಾಮೀಟರೇ ಅಲ್ಲದಿರಬಹುದು,” ಎಂದರು ಮೇಡಂ. “ಬಿಸಿಯಲ್ಲಿ ಬ್ಯಾಕ್ಟೀರಿಯಾದ ಎಲ್ಲ ಕೆಲಸವೂ ಚುರುಕಾಗುತ್ತದೆ. ಅದಕ್ಕೇ ಬೆಳಕು ಹೆಚ್ಚಿತು ಎಂದು ಸಮಿತಿಯವರು ಹೇಳಿದರೆ? ಮಡಿಕೆಯೇ ಕಾರಣ ಎನ್ನಲು ನಿನ್ನ ಬಳಿ ಏನಿದೆ?”

ಅಕ್ಕನ ಮುಖ ಕೆಂಪಾಯಿತು. “ಮಡಿಕೆ ಮುರಿದು ನೋಡ್ತೆ. ಆಮೇಲೆ ರಿಪೇರಿ ಮಾಡಿ ನೋಡ್ತೆ.”

“ಅಷ್ಟು ಸಮಯ ಇದ್ದ?” ಎಂದರು ಮೇಡಂ. ಮನೆಮಾತಿಗೆ ಇಳಿದಿದ್ದರು. ಆದರೆ ಸಿಟ್ಟಿನಿಂದಲ್ಲ. “ಮುರಿದ ಮೇಲೆ ಸರಿಯಾಗದೇ ಹೋದ್ರೆ ಮಂಗಳವಾರದ್ದೂ ಕೈಗೆ ಸಿಕ್ತಿಲ್ಲೆ. ವಿಚಾರ ಮಾಡು.”

ಅದೇ ಸರಿಯಾದ ಲೆಕ್ಕ. ಸುಮ್ಮನಿದ್ದರೆ ಅರ್ಧ ನಂಬಿಕೆಯ ಒಂದು ಅಧ್ಯಾಯ ಕೈಯಲ್ಲಿತ್ತು. ಪರೀಕ್ಷೆ ಮಾಡಿ ಉಲ್ಟಾ ಬಂದರೆ ಅದೂ ಇಲ್ಲ, ಮತ್ತೊಂದು ಹುಡುಕಲು ಹೊತ್ತೂ ಇಲ್ಲ. ಅಕ್ಕ ವಿಚಾರ ಮಾಡಿದ್ದು ಒಂದು ಲೋಟ ಚಾ ಆರುವಷ್ಟು ಹೊತ್ತು. “ಮಾಡ್ವ ತಮಾ,” ಎಂದಳು. ಪೆಟ್ಟಿಗೆ ಅಟ್ಟದಿಂದ ಇಳಿಯಿತು.

ಮೊದಲು ವರಾಂಡ. ಮುಂದಿನ ಶುಕ್ರವಾರ ನಾವಿಬ್ಬರೂ ಬೇಕೆಂದೇ ಜುಮಾದ ಹೊತ್ತಿಗೆ ಭಟ್ಕಳ ತಲುಪಿದೆವು. ದಾರಿಯಲ್ಲಿ ಹೊನ್ನಾವರ ಬಸ್‌ ನಿಲ್ದಾಣದಲ್ಲಿ ಮೇಡಂ ಕಿಟಕಿಯಿಂದ ಒಂದು ಸಣ್ಣ ಬಾಟಲಿ ಕೊಟ್ಟರು. ಬ್ಯಾಕ್ಟೀರಿಯಾದ ಪ್ರೋಟೀನು ಕಟ್ಟುವ ಕೆಲಸವನ್ನು ಸಂಪೂರ್ಣ ನಿಲ್ಲಿಸುವ ಔಷಧಿ. ಒಂದು ಹನಿ ಬಿದ್ದರೆ ಆಮೇಲೆ ಬಿಸಿಯಾದರೂ ಬೆಳಕು ಹೆಚ್ಚುವಂತಿಲ್ಲ. ಕಂಡಕ್ಟರ್, “ಎಂತ ಮೇಡಂ, ಇವಂಗೆ ಜ್ವರವಾ?” ಎಂದ. “ಅವಂಗಲ್ಲ, ಅವನ ಮೀನಿಗೆ,” ಎಂದರು ಮೇಡಂ. ತಮಾಷೆಗಾರನೆಂದು ನಾನು ಇಡೀ ಬೇಸಗೆ ಗಳಿಸಿದ್ದ ಹೆಸರನ್ನು ಅವರು ಒಂದೇ ಮಾತಿನಲ್ಲಿ ಕಿತ್ತುಕೊಂಡರು.

ವರಾಂಡದ ಬೆಂಚಿನ ಮೇಲೆ ತಂಪಿನ ಟ್ಯೂಬುಗಳನ್ನು ನಿಲ್ಲಿಸಿ, ಪಕ್ಕದಲ್ಲಿ ನೀರು ತುಂಬಿದ ಇನ್ನೊಂದು ಟ್ಯೂಬಿಗೆ ಥರ್ಮಾಮೀಟರ್ ಇಳಿಬಿಟ್ಟೆವು. ಪಾದರಸ ಮೂವತ್ತಮೂರು ದಾಟಿ ನಿಂತಿತು. ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದೊಂದು ಟ್ಯೂಬಿಗೆ ಔಷಧಿಯ ಹನಿ ಹಾಕಿ ಐಸಿಗೆ ಸೇರಿಸಿದೆವು. ಭಾಯ್ ಬಂದು ನೋಡಿದರು.

“ಇವತ್ತು ಎಂತ, ಇಬ್ಬಿಬ್ರು ಕೂತಿದ್ದೀರಿ? ಒಳಗೆ ಎ.ಸಿ. ಉಂಟಲ್ಲ.”

“ನಮಗೆ ನಿಮ್ಮ ವರಾಂಡವೇ ಬೇಕು ಭಾಯ್.”

ಅಕ್ಕ ಅವರಿಗೆ ಸಂಗತಿ ವಿವರಿಸಿದಳು. ನನ್ನ ಮಿಮಿಕ್ರಿಯ ಸುದ್ದಿ ಬಿಟ್ಟು ಎಲ್ಲವನ್ನೂ ಹೇಳುತ್ತಾಳೆಂದು ನಂಬಿದ್ದೆ. ಅದನ್ನೇ ಮೊದಲು ಹೇಳಿದಳು. ಭಾಯ್ ನನ್ನ ಕಡೆ ತಿರುಗಿ, “ಮಾಡಿ ನೋಡುವಾ,” ಎಂದರು. ಮಾಡಿದೆ. ಅವರು ಗಂಭೀರವಾಗಿ ಕೇಳಿ, “ನಾನು ಟೋಪಿ ಎಡಗೈಯಲ್ಲಿ ಸರಿ ಮಾಡೂದು,” ಎಂದು ತಿದ್ದಿ ಯಂತ್ರ ಹಚ್ಚಿದರು.

ಅಂಕಿಗಳು ಮೆಟ್ಟಿಲಿನ ಹಾಗೆ ಬಂದವು. ವರಾಂಡದಲ್ಲಿ ಹೆಚ್ಚು ಹೊತ್ತು ಕೂತ ಟ್ಯೂಬಿಗೆ ಹೆಚ್ಚು ಬೆಳಕು. ಮೊದಲೇ ಔಷಧಿ ಬಿದ್ದದ್ದು ಕತ್ತಲೆ. ಶುಕ್ರವಾರದ ಕಾಟ ಹೀಗೆ ಮುಗಿಯಿತು. ಮೇಡಂ ಕೇಳಿದ್ದ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಮುರಿಯುವುದು ಮತ್ತು ರಿಪೇರಿ ಎಂದರೆ ಇದು. ಆರ್‌ಎನ್‌ಎಯ ಪಟ್ಟಿ ನಾಲ್ಕು ಅಕ್ಷರದ್ದು. ಎ ಎದುರಿಗೆ ಯು ಬಂದರೆ ಎರಡೂ ಕೈ ಹಿಡಿಯುತ್ತವೆ, ಜಿ ಎದುರಿಗೆ ಸಿ ಬಂದರೂ ಹಾಗೆಯೇ. ಮಡಿಕೆ ನಿಂತಿರುವುದೇ ಈ ಜೋಡಿಗಳ ಮೇಲೆ. ಮಡಿಕೆಯ ನಡುವಿನ ಒಂದು ಎಯನ್ನು ಸಿ ಮಾಡಿದರೆ ಎದುರಿನ ಯು ಕೈ ಬಿಡುತ್ತದೆ, ಮಡಿಕೆ ಸಡಿಲ. ಆಗ ತಂಪಿನಲ್ಲೂ ಬೆಳಗಬೇಕು. ಆಮೇಲೆ ಎದುರಿನ ಯುವನ್ನೂ ಬದಲಿಸಿ ಜಿ ಮಾಡಿದರೆ ಹೊಸ ಜೋಡಿ ಕೈ ಹಿಡಿಯುತ್ತದೆ. ಅಕ್ಷರ ಎರಡೂ ಹೊಸತು, ಮಡಿಕೆ ಮಾತ್ರ ಹಳೆಯದು. ಆಗ ತಂಪಿನಲ್ಲಿ ಮತ್ತೆ ಕತ್ತಲೆಯಾಗಬೇಕು. ಹಾಗಾದರೆ ಕೆಲಸ ಮಾಡುತ್ತಿರುವುದು ಅಕ್ಷರವಲ್ಲ, ಮಡಿಕೆ ಎಂದು ಸಾಬೀತು. ಬಿಸಿಯ ಚುರುಕೇ ಕಾರಣವಾಗಿದ್ದರೆ ಮೂರು ಬಗೆಯ ಟ್ಯೂಬುಗಳೂ ಒಂದೇ ರೀತಿ ನಡೆದುಕೊಳ್ಳಬೇಕು.

ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ಬದಲಿಸಿದ ಡಿಎನ್‌ಎ ಮೊದಲ ಸಲ ಬ್ಯಾಕ್ಟೀರಿಯಾದೊಳಗೆ ಹೋಗಲೇ ಇಲ್ಲ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗಳು ಹಿಂದಿನ ದಿನ ತೊಳೆದಿಟ್ಟ ಹಾಗೆ ಖಾಲಿ. ಎರಡನೆಯ ಸಲ ಹೋಯಿತು, ಓದಿಸಿ ನೋಡಿದರೆ ರಿಪೇರಿಯದ್ದರಲ್ಲಿ ಒಂದೇ ಅಕ್ಷರ ಬದಲಾಗಿತ್ತು. ಅಷ್ಟರಲ್ಲಿ ಮೋಡ ಕಟ್ಟತೊಡಗಿತ್ತು. ಕರೆಂಟು ಹೋದಾಗಲೆಲ್ಲ ಅಕ್ಕ ಇನ್‌ಕ್ಯುಬೇಟರಿನ ಬಾಗಿಲಿಗೆ ಬೆನ್ನು ಕೊಟ್ಟು, ಒಳಗಿನ ಬಿಸಿ ಓಡಿಹೋಗುತ್ತದೆ ಎಂಬಂತೆ ನಿಲ್ಲುತ್ತಿದ್ದಳು. ನಾನು ಅವಳಂತೆ ನಿಂತು ತೋರಿಸಿದೆ. ಆಮೇಲೆ ನೋಡಿದರೆ, ತೋರಿಸುವುದು ಮುಗಿದ ಮೇಲೂ ಹಾಗೇ ನಿಂತಿದ್ದೆ.

ಮೂರನೆಯ ಸಲ ಎಲ್ಲ ಅಕ್ಷರಗಳೂ ಸರಿಯಾಗಿ ಬಂದವು. ಈ ಸಲ ಕುಮಟಾದಲ್ಲೇ ಬಿಸಿ ಮಾಡಿ ತರುವುದು ಬೇಡವೆಂದು, ಇನ್ನೂ ಬಿಸಿ ಕಾಣದ ಟ್ಯೂಬುಗಳನ್ನು ಐಸಿನಲ್ಲಿಟ್ಟು, ನೀರು ಕಾಯಿಸುವ ಸಣ್ಣ ವಾಟರ್ ಬಾತನ್ನೂ ಬಸ್ಸಿಗೆ ಹತ್ತಿಸಿ ಭಟ್ಕಳಕ್ಕೇ ಒಯ್ದೆವು. ಎಲ್ಲ ಕೆಲಸವೂ ಯಂತ್ರದ ಮಗ್ಗುಲಲ್ಲೇ.

ಮೊದಲು ಮೂಲದ್ದು. ತಂಪಿನಲ್ಲಿ ಕತ್ತಲೆ, ಮೂವತ್ತೇಳಕ್ಕೆ ಹಸಿರು. ಆಮೇಲೆ ಮುರಿದದ್ದು. ತಂಪಿನಲ್ಲೂ ಹಸಿರು, ಬಿಸಿಯಲ್ಲೂ ಹಸಿರು. ಅಕ್ಕ ಉಸಿರು ಬಿಟ್ಟಳು. ಕೊನೆಗೆ ರಿಪೇರಿಯದ್ದು. ತಂಪಿನಲ್ಲಿ ಕತ್ತಲೆ. “ಬಂತಕ್ಕಾ!” ಎಂದೆ. ಭಾಯ್ ಮೂವತ್ತೇಳರ ತಟ್ಟೆ ಹಾಕಿದರು.

ಕತ್ತಲೆ.

ಯಂತ್ರ ತಪ್ಪಿರಬಹುದೆಂದು ಭಾಯ್ ಮತ್ತೊಮ್ಮೆ ಓದಿಸಿದರು. ಮತ್ತೂ ಕತ್ತಲೆ. ರಿಪೇರಿಯಾದ ಮಡಿಕೆ ಮುಚ್ಚಿಕೊಂಡಿತು, ಬಿಚ್ಚಿಕೊಳ್ಳಲಿಲ್ಲ. ಬಿಚ್ಚದಿದ್ದರೆ ಅದು ಥರ್ಮಾಮೀಟರ್ ಅಲ್ಲ. ಅಕ್ಕ ಸ್ಟೂಲಿನ ಮೇಲೆ ಕೂತು ಎರಡು ಕೈಯನ್ನೂ ಮೊಣಕಾಲ ಮೇಲಿಟ್ಟುಕೊಂಡಳು. ನನಗೆ ಯಾರ ದನಿಯೂ ನೆನಪಾಗಲಿಲ್ಲ. ಭಾಯ್ ಸದ್ದಿಲ್ಲದೆ ಹೋಗಿ ಒಂದು ಲೋಟ ನೀರು ತಂದಿಟ್ಟರು.

ಅಕ್ಕ ನೀರು ಮುಟ್ಟಲಿಲ್ಲ. ಬೆರಳುಗಳನ್ನು ಒಂದಕ್ಕೊಂದು ಹೆಣೆದು ನೋಡುತ್ತಿದ್ದಳು. ಎರಡು ಬೆರಳು ಹೆಣೆದು ಎಳೆದಳು. ಆಮೇಲೆ ಮೂರು ಬೆರಳು ಹೆಣೆದು ಎಳೆದಳು.

“ತಮಾ, ಎ-ಯು ಕೈ ಹಿಡಿಯೂದು ಎಷ್ಟು ಕಡೆ?”

“ಎರಡು.”

“ಸಿ-ಜಿ?”

“ಮೂರು,” ಎಂದೆ. ಹೇಳಿದ ಮೇಲೆ ನನಗೂ ಹೊಳೆಯಿತು. ನಾವು ರಿಪೇರಿ ಮಾಡಿದ್ದು ಮೊದಲಿಗಿಂತ ಗಟ್ಟಿ ದಾರದಿಂದ. ಹಳೆಯ ಜೋಡಿಯಲ್ಲಿ ಎರಡು ಹಿಡಿತ, ಹೊಸ ಜೋಡಿಯಲ್ಲಿ ಮೂರು. ಹೊಟ್ಟೆಯ ಬಿಸಿಗೆ ಬಿಚ್ಚುತ್ತಿದ್ದ ಮಡಿಕೆಗೆ ಈಗ ಅಷ್ಟು ಬಿಸಿ ಸಾಲದು. ಮಡಿಕೆಯೇ ಥರ್ಮಾಮೀಟರಾಗಿದ್ದರೆ, ಇನ್ನೂ ಬಿಸಿ ಮಾಡಿದರೆ ಅದು ಬಿಚ್ಚಲೇಬೇಕು.

“ಅಕ್ಕಾ, ಬಿಚ್ಚದಿದ್ರೆ?”

“ಬಿಚ್ಚದಿದ್ರೆ ನನ್ನ ಮಾತು ಸುಳ್ಳು. ಬಾತು ನಲವತ್ತೆರಡಕ್ಕೆ ಏರ್ಸು.”

ನೀರು ಕಾಯುವವರೆಗೆ ಮೂವರೂ ಬಾತಿನ ಸುತ್ತ ನಿಂತಿದ್ದೆವು. ಮೂರು ಬಗೆಯ ಟ್ಯೂಬುಗಳೂ ನೀರಿಗಿಳಿದವು. ಆಮೇಲೆ ಔಷಧಿಯ ಹನಿ, ತಟ್ಟೆ, ಯಂತ್ರದ ಬಾಯಿ. ಯಂತ್ರ ಗುರ್ರ್ ಎಂದು ಒಂದೊಂದೇ ಗುಳಿಯನ್ನು ಓದುತ್ತ ಹೋಯಿತು. ಮೂಲದ್ದರ ಅಂಕಿ ಬಂತು, ಹಸಿರು. ಮುರಿದದ್ದು, ಹಸಿರು. ರಿಪೇರಿಯದ್ದು ಬಂದಾಗ ಭಾಯ್ ಪರದೆಯ ಕಡೆಗೆ ಬಗ್ಗಿದರು.

“ಅರೆ,” ಎಂದರು. “ಇದೂ ಎದ್ದಿತಲ್ಲ.”

ಅಕ್ಕ ಅದನ್ನು ಮತ್ತೊಂದು ಸಲ ಓದಿಸಿದಳು. ಹೊಸ ಟ್ಯೂಬುಗಳನ್ನು ನೀರಿಗಿಳಿಸಿ ಇನ್ನೊಂದು ಸಲ ಪೂರ್ತಿ ಮಾಡಿಸಿದಳು. ಮೂವತ್ತೇಳಕ್ಕೆ ಕತ್ತಲೆ, ನಲವತ್ತೆರಡಕ್ಕೆ ಹಸಿರು. ಒಂದು ಜೋಡಿ ಅಕ್ಷರ ಬದಲಿಸಿ ನಾವು ಥರ್ಮಾಮೀಟರಿನ ಗೆರೆಯನ್ನೇ ಮೇಲಕ್ಕೆ ಸರಿಸಿದ್ದೆವು. ಮೊದಲೇ ಅಂದುಕೊಂಡಂತೆ ಬಂದಿದ್ದರೂ ಇಷ್ಟು ನಂಬಿಕೆ ಬರುತ್ತಿರಲಿಲ್ಲ.

ಆಮೇಲಷ್ಟೇ ಅವಳು ನೀರು ಕುಡಿದು ಫೋನ್ ಹಚ್ಚಿದಳು. ಮೇಡಂ ಮೊದಲ ರಿಂಗಿಗೇ ಎತ್ತಿಕೊಂಡರು. ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದರೋ ಏನೋ. ಕೋಣೆ ಸಣ್ಣದು, ಅವರ ದನಿ ನನಗೂ ಕೇಳುತ್ತಿತ್ತು.

“ಎಂತ ಆತೇ?”

“ಮುರಿದಿದ್ದು ತಂಪಲ್ಲೂ ಬೆಳಗ್ತು ಮೇಡಂ. ರಿಪೇರಿ ಮಾಡಿದ್ದು ತಂಪಲ್ಲಿ ಕತ್ತಲೆ.”

“ಮೂವತ್ತೇಳಕ್ಕೆ?”

“ಅದಕ್ಕೂ ಕತ್ತಲೆ.”

ಅಕ್ಕ ಆತುರಪಡಲಿಲ್ಲ. ಮೇಡಂ ತಾವೇ ಅಲ್ಲಿಗೆ ತಲುಪಲೆಂದು ಬಿಟ್ಟಂತಿತ್ತು.

“ಸಿ-ಜಿ ಹಾಕಿದ್ದಲ್ಲದನೇ ನೀನು,” ಎಂದರು ಮೇಡಂ ನಿಧಾನವಾಗಿ. “ಮೇಲೆ ಹೋಗಿ ನೋಡಿದ್ಯ?”

“ನಲವತ್ತೆರಡಕ್ಕೆ ಬೆಳಗ್ತು. ಎರಡು ಸಲ ಮಾಡ್ದೆ.”

ಮೇಡಂ ಗಂಟಲು ಸರಿಮಾಡಿಕೊಂಡು ಪುಸ್ತಕದ ಕನ್ನಡಕ್ಕೆ ಮರಳಿದರು. “ಒಳ್ಳೆಯದು. ಸಮಿತಿಯವರ ಮುಂದೆ ಎಚ್ಚರಿಕೆಯಿಂದ ಬರೆಯಬೇಕು. ‘ಇದು ತಾಪಮಾಪಕವಾಗಿರಬಹುದು’ ಎಂದು ಬರೆ.”

ಶುಕ್ರವಾರದ ಅಳತೆ ಬಿಡಲು ಒಪ್ಪದ ಆ ಒಂದು ದಿನ ಬಿಟ್ಟರೆ, ಅಷ್ಟು ವರ್ಷಗಳಲ್ಲಿ ಅಕ್ಕ ಮೇಡಂ ಮಾತಿಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ.

“‘ಆಗಿರಬಹುದು’ ಬೇಡ ಮೇಡಂ,” ಎಂದಳು. “‘ಹೌದು’ ಅಂತ ಬರೀತೆ.”